ರಾಜೂರ ದೇವವ್ವ ಬಾಯಿ ತೆರೆದದ್ದು

ರಾಜೂರಿನಲ್ಲಿ ಯಾರಾದರೂ ‘ದೇವವ್ವನ ಬಾಯಿ ಕೆಟ್ಟದ್ದು’ ಎಂದರೆ ಅದಕ್ಕೆ ಎರಡು ಅರ್ಥವಿತ್ತು. ಎದುರಿಗಿದ್ದವರು ಯಾರು ಎಂದು ನೋಡದೆ ಅವಳು ಮಾತಾಡುತ್ತಾಳೆ ಎಂಬುದು ಒಂದು. ಅವಳ ಹಲ್ಲು ಅಲ್ಲಾಡುತ್ತವೆ, ವಸಡಿನಿಂದ ರಕ್ತ ಜಿನುಗುತ್ತದೆ ಎಂಬುದು ಇನ್ನೊಂದು. ಎರಡೂ ಖರೆ.

ಅವಳಿಗೆ ನಲವತ್ತಾರು ವರ್ಷ. ಮದುವೆಯಾದ ಹೊಸದರಲ್ಲೇ ಗಂಡ ನಿಂಗಪ್ಪನ ಜೊತೆ ಗೋವಾಕ್ಕೆ ಹೋಗಿ ಹದಿನಾಲ್ಕು ವರ್ಷ ಕಟ್ಟಡದ ಕೆಲಸದಲ್ಲಿ ಸಿಮೆಂಟಿನ ಬುಟ್ಟಿ ಹೊತ್ತವಳು. ಅಲ್ಲಿ ಕೆಲಸದ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದ ಕೂಡಲೇ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುತ್ತಿದ್ದರು. ಹೊಟ್ಟೆಯ ಹಸಿವು ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ದೇವವ್ವನೂ ಕಲಿತಳು. ಊರಿಗೆ ಮರಳಿ ಹೆಸರುಕಾಯಿ ಬಿಡಿಸುವುದಕ್ಕೆ, ಉಳ್ಳಾಗಡ್ಡಿ ಕೀಳುವುದಕ್ಕೆ ಕೂಲಿಗೆ ನಿಂತ ಮೇಲೂ ಮಿಶ್ರಿ ಬಿಡಲಿಲ್ಲ. ಬರಬರುತ್ತ ವಸಡು ಉಬ್ಬಿತು, ಹಲ್ಲು ಸಡಿಲಾದವು. ರೋಣದ ಒಂದು ಹಲ್ಲಿನ ದವಾಖಾನೆಯಲ್ಲಿ ಎರಡು ವರ್ಷದಲ್ಲಿ ನಾಲ್ಕು ಹಲ್ಲು ಕಿತ್ತರು. ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ತಿನ್ನುವ ಗತಿ ಬಂತು. ‘ವಯಸ್ಸಾತು’ ಎಂದು ನಿಂಗಪ್ಪ ಹೇಳಿದ. ಅವನು ಅವಳಿಗಿಂತ ಏಳು ವರ್ಷ ದೊಡ್ಡವನು, ಅವನ ಹಲ್ಲು ಒಂದೂ ಹೋಗಿರಲಿಲ್ಲ.

ಕಳೆದ ವರ್ಷ ಬೇಸಿಗೆಗೆ ಮುಂಚೆ ರಾಜೂರ ಸರಕಾರಿ ಸಾಲಿಯ ಪಡಸಾಲೆಯಲ್ಲಿ ಹಲ್ಲು ನೋಡುವ ಶಿಬಿರ ನಡೆಯಿತು. ನಡೆಸಿದವರು ದಂತ ಕಾಲೇಜೊಂದರಲ್ಲಿ ವಸಡಿನ ರೋಗದ ಪಾಠ ಹೇಳುವ ಡಾಕ್ಟರ್ ನಾಹೀದ. ಕುಳ್ಳಗಿನ ಹೆಣ್ಣುಮಗಳು, ದಪ್ಪ ಕನ್ನಡಕ, ಮೆಲ್ಲಗೆ ಮಾತು. ದೇವವ್ವನನ್ನು ಕೂರಿಸಿ, ಕಪ್ಪು ಗೆರೆಗಳಿದ್ದ ಸಣ್ಣ ಕಡ್ಡಿಯೊಂದನ್ನು ಒಂದೊಂದು ಹಲ್ಲಿನ ಬುಡಕ್ಕೂ ಇಳಿಸುತ್ತ, ‘ಮೂರು, ನಾಲ್ಕು, ಏಳು’ ಎನ್ನುತ್ತ ಹೋದರು. ಪಕ್ಕದಲ್ಲಿದ್ದ ನರ್ಸು ಬರೆದುಕೊಳ್ಳುತ್ತಿದ್ದಳು.

“ಏನ್ ಎಣಸಾಕತ್ತೀರಿ ಅಕ್ಕಾರ?” ದೇವವ್ವ ಕಡ್ಡಿ ಹೊರಬಂದ ಕೂಡಲೇ ಕೇಳಿದಳು.

“ಹಲ್ಲಿಗೂ ವಸಡಿಗೂ ನಡುವ ಎಷ್ಟು ಸಂದಿ ಬಿದ್ದೈತಿ ಅಂತ ಅಳ್ಯಾಕತ್ತೇನ್ರಿ. ಎರಡು ಮೂರು ಮಿಲಿಮೀಟರ್ ಇದ್ರ ಚಲೋ. ಅದಕ್ಕೂ ಮ್ಯಾಲ ಹೋದ್ರ ರೋಗ. ನಿಮಗ ಎರಡು ಕಡೆ ಏಳು ಐತಿ.”

“ಅಂದ್ರ ಹಲ್ಲು ಕೆಟ್ಟಾವು.”

“ಇಲ್ರಿ. ಹಲ್ಲು ಒಂದೂ ಹುಳುಕ ಆಗಿಲ್ಲ. ಅದನ್ನ ಹಿಡಕೊಂಡಿರೂ ವಸಡು ಬಿಟ್ಟೈತಿ, ಒಳಗಿನ ಎಲುಬು ಸವದೈತಿ. ಬುಡಕ್ಕ ಗಟ್ಟಿಯಾಗಿ ಹತ್ತಿದ ಕಿಟ್ಟ ತಗದು ಜ್ವಾಕಿ ಮಾಡಿದ್ರ, ಮಿಶ್ರಿ ಬಿಟ್ರ, ಭಾಳಷ್ಟು ಉಳೀತಾವು.”

ದೇವವ್ವ ಕೇಳಿದಳು. “ಮದಲ ಕಿತ್ತ ನಾಕು ಹಲ್ಲು? ಅವೂ ಉಳೀತಿದ್ದುವೇನು?”

“ಅವನ್ನ ನಾ ನೋಡಿಲ್ರಿ. ಹೇಳಾಕ ಬರೂದಿಲ್ಲ.”

“ಕಿತ್ತವ್ರು ಅಳದು ನೋಡಿ ಕಿತ್ತಿರಬೇಕಲ್ಲ?”

ನಾಹೀದ ಕೈಗವಸು ಬಿಚ್ಚಿ ಕೆಳಗಿಟ್ಟರು. ಶಿಬಿರ ಮುಗಿದ ಮೇಲೆ ಅವರೇ ದೇವವ್ವನ ಮನೆ ಹುಡುಕಿಕೊಂಡು ಬಂದರು.

ಅವರ ಮನಸ್ಸಿನಲ್ಲಿದ್ದುದು ಬೇರೆ ವಿಷಯ. ಆಗಷ್ಟೇ ಮುಗಿದ ಚಳಿಗಾಲದಲ್ಲಿ ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಹನ್ನೊಂದು ಮಂದಿ ಹಲ್ಲಿನ ಡಾಕ್ಟರರಿಗೆ ಅವರು ಮೂರು ಭಾನುವಾರ ವಸಡಿನ ರೋಗದ ಬಗ್ಗೆ ತರಬೇತಿ ಕೊಟ್ಟಿದ್ದರು. ಖರ್ಚು ನೋಡಿಕೊಂಡದ್ದು ಒಂದು ಸಂಸ್ಥೆ. ಕೊನೆಯ ದಿನ ಎಲ್ಲರೂ ಅಭಿಪ್ರಾಯದ ಹಾಳೆಯಲ್ಲಿ ‘ಅತ್ಯುತ್ತಮ’ ಎಂದು ಗುರುತು ಹಾಕಿದರು, ಪರೀಕ್ಷೆಯಲ್ಲಿ ಪಾಸಾದರು, ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡರು. ಆದರೆ ಕಲಿತದ್ದು ಅವರ ದವಾಖಾನೆಯ ಕುರ್ಚಿಯ ತನಕ ಬಂದಿದೆಯೋ ಇಲ್ಲವೋ ಎಂದು ನೋಡಬೇಕಿತ್ತು. ಆರು ತಿಂಗಳೊಳಗೆ ಗುರುತು ಹೇಳದ ರೋಗಿಗಳು ಬಂದು ಹೋಗುತ್ತಾರೆ ಎಂದು ಡಾಕ್ಟರರಿಗೆ ಮೊದಲೇ ತಿಳಿಸಿ ಸಹಿ ತೆಗೆದುಕೊಂಡಿದ್ದರು. ಸಹಿ ಹಾಕಿದವರು ಅದನ್ನು ಮರೆತಿದ್ದರು. ನಾಹೀದ ಮರೆತಿರಲಿಲ್ಲ.

“ನೀವು ಸುಳ್ಳು ಹೇಳೂದು ಏನೂ ಇಲ್ರಿ ದೇವವ್ವಾರ. ಇರೂದನ್ನ ಹೇಳ್ರಿ. ರಕ್ತ ಬರ್ತೈತಿ, ಹಲ್ಲು ಅಲ್ಲಾಡ್ತಾವು ಅಂತ. ನಾ ಕಳಿಸೇನಿ ಅಂತ ಮಾತ್ರ ಹೇಳಬ್ಯಾಡ್ರಿ. ಅವ್ರು ಏನು ಕೇಳಿದ್ರು, ಏನು ಮಾಡಿದ್ರು, ಬಂದು ನನಗ ಹೇಳ್ರಿ. ಹದಿನೈದು ದಿನದ ಕೆಲಸ. ಮುಗದ ಮರುದಿನ ನಿಮ್ಮ ಚಿಕಿತ್ಸಾ ಸುರು ಮಾಡ್ತೇನಿ. ಆ ಹದಿನೈದು ದಿನದಾಗ ನಿಮ್ಮ ಬಾಯಿಗೆ ಹೆಚ್ಚಿನ ಧಕ್ಕಿ ಏನೂ ಆಗೂದಿಲ್ಲ. ಒಲ್ಲೆ ಅಂದ್ರೂ ಚಿಕಿತ್ಸಾ ಮಾಡೇ ಮಾಡ್ತೇನಿ.”

ಕಟ್ಟೆಯ ಮೇಲೆ ಕೂತಿದ್ದ ನಿಂಗಪ್ಪನಿಗೆ ಇದು ಸರಿಬರಲಿಲ್ಲ. ಡಾಕ್ಟರಬಾಯಿ ಹೋದ ಮೇಲೆ ಹೇಳಿದ. “ಸಹಿ ಮಾಡಾಕ ಬರದಾಕಿ ಡಾಕ್ಟರ್ ಮಂದಿನ ಪರೀಕ್ಷಾ ಮಾಡಾಕಿ ಏನು? ನಾಳೆ ಜಡ್ಡಾದ್ರ ಅವ್ರ ಬಾಗಿಲಿಗೇ ಹೋಗಬೇಕು.”

“ಪರೀಕ್ಷಾ ಮಾಡೂದು ನಾ ಅಲ್ಲ, ನನ್ನ ಬಾಯಿ,” ಎಂದಳು ದೇವವ್ವ. “ಬಾಯಿಗೆ ಸಹಿ ಬೇಕಾಗಿಲ್ಲ.”

ನೆನಪಿಡಬೇಕಾದ್ದು ಎಂಟು ಸಂಗತಿ. ರಕ್ತ ಬರುವುದನ್ನು ಕೇಳಿದರೋ, ತಂಬಾಕು ಕೇಳಿದರೋ, ಸಕ್ಕರೆ ಕಾಯಿಲೆ ಕೇಳಿದರೋ, ಕಡ್ಡಿಯಿಂದ ಅಳೆದರೋ, ಎಲ್ಲ ಹಲ್ಲನ್ನೂ ಅಳೆದರೋ, ಏನಾಗಿದೆ ಎಂದು ತಿಳಿಸಿ ಹೇಳಿದರೋ, ಹಲ್ಲು ತಿಕ್ಕುವುದನ್ನು ತೋರಿಸಿದರೋ, ಮತ್ತೆ ಬಾ ಎಂದರೋ. ದೇವವ್ವ ಅವನ್ನು ಬಲಗೈ ಬೆರಳಿನ ಗೆಣ್ಣುಗಳ ಮೇಲೆ ಇಟ್ಟುಕೊಂಡಳು. ಒಂದೊಂದು ಸಂಗತಿಗೆ ಒಂದೊಂದು ಗೆಣ್ಣು. ಆಗಿದ್ದರೆ ಹೆಬ್ಬೆರಳಿನಿಂದ ಒತ್ತುವುದು, ಆಗದಿದ್ದರೆ ದಾಟಿ ಹೋಗುವುದು. ನಾಹೀದ ಬಸ್ ಸ್ಟ್ಯಾಂಡಿನಲ್ಲಿ ಹಾಳೆ ಹಿಡಿದು ಕಾಯುತ್ತಿದ್ದರು, ಇವಳು ಬಂದು ಗೆಣ್ಣು ಮುಟ್ಟುತ್ತ ಒಪ್ಪಿಸುತ್ತಿದ್ದಳು.

ಮೊದಲು ಹೋದದ್ದು ರೋಣಕ್ಕೆ. ಡಾಕ್ಟರ್ ಮುತ್ತಣ್ಣನವರ ದವಾಖಾನೆ. ಅವಳ ನಾಲ್ಕು ಹಲ್ಲು ಕಿತ್ತವರು ಅವರೇ. ರೋಣದ ಹಳೆಯ ವ್ಯಾಪಾರಸ್ಥರ ಮನೆತನ, ಐವತ್ತೆಂಟು ವಯಸ್ಸು, ಊರಲ್ಲಿ ದೊಡ್ಡ ಹೆಸರು. ಗೋಡೆಯ ಮೇಲೆ ದೇವರ ಫೋಟೊದ ಪಕ್ಕದಲ್ಲೇ ಹೊಸ ತರಬೇತಿಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತೂಗಿಬಿಟ್ಟಿದ್ದರು. ದೇವವ್ವನ ಗುರುತು ಅವರಿಗೆ ಹತ್ತಲಿಲ್ಲ.

“ಬಾರಬೇ, ಕುಂದರು. ಬಾಯಿ ತಗಿ,” ಎಂದು ಬೆಳಕು ಹಿಡಿದು ಒಂದು ಸಲ ನೋಡಿದರು. ಮುಂದಿನ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿದರು. “ಇವು ನಿಲ್ಲೂ ಹಲ್ಲಲ್ಲ. ಕೆಳಗಿನ ಮುಂದಿನ ಆರೂ ಕಿತ್ತು ಹೊಸಾ ಹಲ್ಲಿನ ಸೆಟ್ ಹಾಕೋಣ. ಇವತ್ತ ಎರಡು ತಗೀತೇನಿ.”

ಸೂಜಿ ತರಲು ಆಗಲೇ ಹೇಳಿಯಾಗಿತ್ತು. ‘ಅಳೀರಿ’ ಎಂಬ ಮಾತು ದೇವವ್ವನ ನಾಲಿಗೆಯ ತುದಿಗೆ ಬಂತು. ಆದರೆ ಡಾಕ್ಟರರಿಗೆ ಏನನ್ನೂ ನೆನಪು ಮಾಡಿಕೊಡಬಾರದು ಎಂದು ನಾಹೀದ ಕಟ್ಟುನಿಟ್ಟಾಗಿ ಹೇಳಿದ್ದರು. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಅವಳು ಯಾವ ಮಾತನ್ನೂ ನುಂಗಿರಲಿಲ್ಲ. ಕುರ್ಚಿಯಿಂದ ಇಳಿದಳು.

“ಕೀಳಸೂದಿಲ್ರಿ.”

“ಮತ್ತ ಬಂದಿದ್ದ್ಯಾಕ?”

“ತೋರಸಾಕ ಬಂದಿದ್ನಿರಿ. ನೀವು ನೋಡಿದ್ರಿ. ಆತು.”

ಬಸ್ ಸ್ಟ್ಯಾಂಡಿನಲ್ಲಿ ನಾಹೀದರ ಎದುರು ಕೂತು ಗೆಣ್ಣು ಹುಡುಕಿದಳು. ಒತ್ತಲಿಕ್ಕೆ ಒಂದೂ ಇರಲಿಲ್ಲ.

ಮುಂದಿನ ದಿನಗಳಲ್ಲಿ ಮೂರೂ ಊರು ತಿರುಗಿದಳು. ಒಂದು ಕಡೆ ಕ್ಲೀನಿಂಗ್ ಮಾಡಿ ಪೇಸ್ಟು ಕೊಟ್ಟು ಕಳಿಸಿದರು. ಇನ್ನೊಂದು ಕಡೆ ಗುಳಿಗೆ ಬರೆದುಕೊಟ್ಟರು. ಗಜೇಂದ್ರಗಡದಲ್ಲಿ ಡಾಕ್ಟರ್ ಮಾಲಾ ಎಂಬ ಹೆಣ್ಣುಮಗಳು ತಂಬಾಕು ಕೇಳಿದಳು, ಸಕ್ಕರೆ ಕಾಯಿಲೆ ಕೇಳಿದಳು, ಕಡ್ಡಿಯನ್ನೂ ಕೈಗೆತ್ತಿಕೊಂಡಳು. ಎರಡು ಹಲ್ಲಿಗೆ ಇಳಿಸಿ ನೋಡಿ, ಏನೋ ಅನುಮಾನ ಬಂದವಳ ಹಾಗೆ ಅದನ್ನು ತಟ್ಟೆಯಲ್ಲಿ ವಾಪಸಿಟ್ಟುಬಿಟ್ಟಳು.

ನರಗುಂದದಲ್ಲಿ ಬೇರೆ ಥರ ಆಯಿತು. ಅಲ್ಲಿ ಸಣ್ಣ ಮಳಿಗೆಯಲ್ಲಿ ಅಯಾಜ ಎಂಬ ತರುಣ ಡಾಕ್ಟರ ಒಬ್ಬನೇ ಕೂತಿದ್ದ. ನರ್ಸು ಇಲ್ಲ, ಸಹಾಯಕ್ಕೆ ಯಾರೂ ಇಲ್ಲ. “ಅವ್ವಾರ, ನಾ ಇದನ್ನ ಈಗೀಗ ಕಲತೇನಿ. ಸ್ವಲ್ಪ ತಡ ಆಗ್ತೈತಿ, ಬ್ಯಾಸರ ಮಾಡಕೋಬ್ಯಾಡ್ರಿ,” ಎಂದ. ಒಂದು ಹಲ್ಲು ಅಳೆಯುವುದು, ಕೈಗವಸು ತೆಗೆದು ಬರೆಯುವುದು, ಮತ್ತೆ ಹೊಸದು ಹಾಕುವುದು. ಮುಕ್ಕಾಲು ತಾಸು ಹಿಡಿಯಿತು. ಹೊರಗೆ ಕಾಯುತ್ತಿದ್ದ ಶಿರೋಳದ ಮಂದಿ ಗೊಣಗಿದರು, ಇಬ್ಬರು ಎದ್ದೇ ಹೋದರು. ಅವನು ನಿಲ್ಲಿಸಲಿಲ್ಲ. ಕೊನೆಗೆ ಕನ್ನಡಿ ಹಿಡಿದು ಎಲ್ಲಿ ಏಳಿದೆ, ಎಲ್ಲಿ ಮೂರಿದೆ ಎಂದು ತೋರಿಸಿದ. ದೇವವ್ವನ ಎಂಟೂ ಗೆಣ್ಣು ತುಂಬಿದವು.

ಹನ್ನೊಂದು ದವಾಖಾನೆ ಮುಗಿದಾಗ ಪೂರ್ತಿ ಅಳೆದವರು ಅಯಾಜನೂ ಸೇರಿ ಮೂವರು.

“ನಂದೇ ತಪ್ಪು ಇರಬೇಕು,” ಎಂದರು ನಾಹೀದ, ನರಗುಂದದ ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಹಾಳೆಗಳನ್ನು ಜೋಡಿಸುತ್ತ.

“ಹೌದ್ರಿ, ನಿಮ್ದೂ ಐತಿ,” ಎಂದಳು ದೇವವ್ವ. ಸಮಾಧಾನ ಹೇಳುವ ಹೆಂಗಸು ಅವಳಲ್ಲ. “ಮೂರು ಐತವಾರ ಪಾಠ ಹೇಳಿದ್ರೆಲ್ಲ, ಅವತ್ತ ಎಷ್ಟು ಮಂದಿ ಬಾಯಾಗ ಅವ್ರ ಕೈಲೆ ಕಡ್ಡಿ ಇಡಸಿದ್ರಿ?”

“ಯಾರ ಬಾಯಾಗೂ ಇಲ್ರಿ. ಪರದೆ ಮ್ಯಾಲ ಚಿತ್ರ ತೋರಿಸಿದ್ವಿ.”

“ಚಿತ್ರ ನೋಡಿ ಹೊಲದಾಗಿನ ಕಸ ತಗ್ಯಾಕ ಬರ್ತೈತೇನ್ರಿ ಅಕ್ಕಾರ? ಕುರಪಿ ಕೈಯಾಗ ಹಿಡದು ನಾಕು ಸಸಿ ತಪ್ಪಿ ಕಡದ ಮ್ಯಾಲೇ ನಾ ಕಲತಿದ್ದು.”

ನಾಹೀದ ಹಾಳೆ ತಿರುಗಿಸಿ ಅದರ ಬೆನ್ನಿಗೆ ಆ ಮಾತನ್ನು ಬರೆದುಕೊಂಡರು.

ಮರುದಿನವೇ ದೇವವ್ವನ ಚಿಕಿತ್ಸೆ ಶುರುವಾಯಿತು. ಕಿಟ್ಟ ತೆಗೆಯುವಾಗ ಜೀವ ಹೋಗಿ ಬಂದಂತಾಯಿತು, ಆದರೂ ತಪ್ಪಿಸದೆ ಹೋದಳು. ಮಿಶ್ರಿಯ ಡಬ್ಬಿಯನ್ನು ತಿಪ್ಪೆಗೆಸೆದಳು. ಎರಡು ಸಲ ಹುಡುಕಿ ತಂದಳು, ಮೂರನೆಯ ಸಲ ಎಸೆದದ್ದು ಅಲ್ಲೇ ಉಳಿಯಿತು.

ತಿಂಗಳಾದ ಮೇಲೆ ಒಂದು ಶನಿವಾರ ನಾಹೀದರ ಫೋನು ಬಂತು. ದನಿ ಸೋತಿತ್ತು. ವರದಿ ಬರೆದಾಗಿದೆ, ‘ತರಬೇತಿ ಕಾಗದದ ಮೇಲೆ ಗೆದ್ದಿದೆ, ಕೈಗೆ ಇಳಿದಿಲ್ಲ’ ಎಂದು ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ಆದರೆ ಸಂಸ್ಥೆಯವರು ರೋಗಿಯನ್ನು ಕಳಿಸಿ ನೋಡಿದ ಭಾಗ ಬಿಟ್ಟು ಪರೀಕ್ಷೆಯ ಅಂಕ, ಅಭಿಪ್ರಾಯದ ಹಾಳೆ ಅಷ್ಟೇ ಅಚ್ಚು ಹಾಕೋಣ ಎನ್ನುತ್ತಿದ್ದಾರೆ, ಡಾಕ್ಟರರೂ ಅದನ್ನೇ ಕೇಳುತ್ತಿದ್ದಾರೆ, ನಾಳೆ ಗಜೇಂದ್ರಗಡದಲ್ಲಿ ಸಭೆ ಇದೆ ಎಂದರು.

“ನನ್ನ ಬಾಯಿ ಬಿಟ್ಟು ವರದಿ ಮಾಡ್ತಾರಂತ?”

“ನೀವು ಬರಬ್ಯಾಡ್ರಿ ದೇವವ್ವಾರ. ನಿಮ್ಮ ಹೆಸರು ಯಾರಿಗೂ ಹೇಳೂದಿಲ್ಲ ಅಂತ ಮಾತು ಕೊಟ್ಟೇನಿ.”

“ಮಾತು ಕೊಟ್ಟವ್ರು ನೀವು. ನಾ ಯಾರಿಗೂ ಕೊಟ್ಟಿಲ್ಲ,” ಎಂದು ಫೋನಿಟ್ಟಳು. ಭಾನುವಾರ ಬೆಳಿಗ್ಗೆ ಇಳಕಲ್ಲ ಸೀರೆಯುಟ್ಟು ಬಸ್ಸು ಹತ್ತಿದಳು. ನಿಂಗಪ್ಪ ಬಾಗಿಲ ತನಕ ಬಂದ.

ಸಭೆ ಒಂದು ಕಲ್ಯಾಣ ಮಂಟಪದ ಮೇಲಿನ ಕೋಣೆಯಲ್ಲಿತ್ತು. ಹನ್ನೊಂದು ಡಾಕ್ಟರರೂ ಇದ್ದರು, ಸಂಸ್ಥೆಯಿಂದ ಒಬ್ಬ ಅಧಿಕಾರಿ ಬಂದಿದ್ದ. ದೇವವ್ವ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಳು. ಚಹಾ ಕೊಡುವ ಹೆಂಗಸು ಎಂದುಕೊಂಡು ಯಾರೂ ಕೇಳಲಿಲ್ಲ. ನಾಹೀದ ಮಾತ್ರ ಗಾಬರಿಯಾಗಿ ನೋಡಿದರು.

ಮುತ್ತಣ್ಣನವರು ಎದ್ದು ಮಾತಾಡುತ್ತಿದ್ದರು. ದನಿ ಏರಿಸಲಿಲ್ಲ, ಅವರ ಮಾತಿನಲ್ಲಿ ತೂಕವಿತ್ತು. “ಮೇಡಮ್ಮಾರ, ನಾ ಮೂವತ್ತು ವರ್ಷದಿಂದ ಇಲ್ಲಿ ಹಲ್ಲು ನೋಡಾಕತ್ತೇನಿ. ನಮ್ಮ ಕಡೆ ಬರೂ ಮಂದಿ ಹೊಲ ಬಿಟ್ಟು, ಬಸ್ಸು ಹಿಡದು ಬಂದಿರ್ತಾರ. ಒಂದಽ ಸಲಕ್ಕ ನೋವು ಹೋಗಬೇಕು ಅಂತಾರ. ಅಳಕೋಂತ ಕುಂತ್ರ ಎದ್ದು ಹೋಗ್ತಾರ. ಅದು ನಿಮ್ಮ ಕಾಲೇಜಿನಾಗ ತಿಳಿಯೂದಿಲ್ಲ. ಇನ್ನ ನೀವು ಕಳಿಸಿದ ರೋಗಿ ಯಾರೋ ಏನೋ. ಓದು ಬರಹ ಇಲ್ಲದವ್ರು ಬಂದು ಡಾಕ್ಟರ್ ಏನು ಮಾಡಿದ ಅಂತ ಹೇಳಿದ್ದನ್ನ ಸಾಕ್ಷಿ ಅಂತ ಹ್ಯಾಂಗ ಹಿಡಿಯೂದು?”

ಸಂಸ್ಥೆಯ ಅಧಿಕಾರಿ ತಲೆಯಾಡಿಸಿದ. ನಾಹೀದ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ಆ ರೋಗಿ ನಾನಽರಿ,” ಎಂದಳು ದೇವವ್ವ. “ರಾಜೂರ ದೇವವ್ವ. ಓದು ಬರಹ ಇಲ್ಲ, ಅದು ಖರೆ.”

ಅವಳು ಮುಂದೆ ನಡೆದು ಬಂದಳು.

“ಯಾರು ಏನು ಮಾಡಿದ್ರು ಅಂತ ಹೆಸರು ಹಿಡದು ಹೇಳೂದಿಲ್ರಿ. ಮಾಡಿದವ್ರಿಗೂ ಗೊತ್ತೈತಿ, ಮಾಡದವ್ರಿಗೂ ಗೊತ್ತೈತಿ. ಹನ್ನೊಂದು ಕಡೆ ಹೋದ್ನಿ. ಆರು ಕಡೆ ಕಡ್ಡಿ ಮುಟ್ಟಲಿಲ್ಲ. ಎರಡು ಕಡೆ ಮುಟ್ಟಿ ಬಿಟ್ರು. ಆ ಆರರಾಗ ಒಂದು ಕಡೆ ಅಳಿಯೂಕಿಂತ ಮದಲ ಸೂಜಿ ತರಸಿದ್ರು. ಸರ್ ಹೇಳಿದ್ರು, ಬಸ್ಸು ಹಿಡದು ಬರ್ತೀವಿ ಅಂತ. ಹೌದ್ರಿ, ಬರ್ತೀವಿ. ನೋವು ಹೋಗ್ಲಿ ಅಂತ ಬರ್ತೀವಿ, ಹಲ್ಲು ಹೋಗ್ಲಿ ಅಂತ ಬರೂದಿಲ್ಲ. ಹಲ್ಲು ಉಳಸಾಕ ಬರ್ತೈತಿ ಅಂತ ಹೇಳಿದ್ರ ಮತ್ತೊಂದು ಬಸ್ಸು ಹಿಡದು ಬರ್ತಿದ್ವಿ. ಹೇಳಿದವ್ರ್ಯಾರು?”

“ಅಮ್ಮಾ, ನೀವು ಹೇಳಿದ್ದು ಖರೆ ಅಂತ ಹ್ಯಾಂಗ ನಂಬೂದು?” ಎಂದ ಸಂಸ್ಥೆಯ ಅಧಿಕಾರಿ. ಗದರಿಸಲಿಲ್ಲ, ನಿಜವಾಗಿಯೂ ಕೇಳಿದ.

“ನಾ ಹೇಳಿದ್ದು ಬಿಡ್ರಿ. ನನ್ನ ಬಾಯಿ ಇಲ್ಲೇ ಐತಿ. ಮದಲ ಎಷ್ಟಿತ್ತು ಅಂತ ಅಕ್ಕಾರ ಹಾಳ್ಯಾಗ ಬರದಾರ. ಚಿಕಿತ್ಸಾ ಆದ ಮ್ಯಾಲ ಈಗೆಷ್ಟೈತಿ, ನೀವಽ ಅಳದು ನೋಡ್ರಿ. ಕಿತ್ತು ಸೆಟ್ ಹಾಕೋಣ ಅಂದ್ರಲ್ಲ, ಆ ಆರೂ ಹಲ್ಲು ಇನ್ನೂ ಇಲ್ಲೇ ಅದಾವು.”

ಹೀಗೆಂದವಳೇ ಎಲ್ಲರೆದುರಿನ ಕುರ್ಚಿಯಲ್ಲಿ ಕೂತು, ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಾಯಿ ತೆರೆದಳು.

ಯಾರೂ ಏಳಲಿಲ್ಲ. ಎಷ್ಟು ಹೊತ್ತು ಎಂದರೆ ಅವಳ ದವಡೆ ನೋಯತೊಡಗಿತು. ಆದರೂ ಮುಚ್ಚಲಿಲ್ಲ. ಅವಳ ಕಣ್ಣು ಮುತ್ತಣ್ಣನವರ ಮೇಲಿತ್ತು. ಅವರಿಗೆ ಈಗ ಗುರುತು ಹತ್ತಿತ್ತು. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಅವರು ತಲೆ ತಗ್ಗಿಸಿ ತಮ್ಮ ಫೋನು ನೋಡಿದರು.

ಎದ್ದದ್ದು ಮಾಲಾ. ಚೀಲದಿಂದ ಅಳೆಯುವ ಕಡ್ಡಿ ತೆಗೆದು, ಹೊಸ ಕೈಗವಸು ಹಾಕಿಕೊಂಡಳು. “ನಾ ಕಡ್ಡಿ ವಾಪಸಿಟ್ಟಾಕಿ,” ಎಂದಳು ಎಲ್ಲರಿಗೂ ಕೇಳುವ ಹಾಗೆ. “ಪರೀಕ್ಷಾದಾಗ ಎಲ್ಲಾ ಉತ್ತರ ಸರಿ ಬರದಿದ್ನಿ. ಕೈಯಾಗ ಹಿಡದಾಗ ಎಷ್ಟು ಒತ್ತಬೇಕು, ಹ್ಯಾಂಗ ಓರೆ ಮಾಡಬೇಕು, ತಿಳೀಲಿಲ್ಲ. ರೋಗಿ ಎದುರಿಗೆ ಮರ್ಯಾದಿ ಹೋಗ್ತೈತಿ ಅಂತ ಇಟ್ಟುಬಿಟ್ಟೆ. ಮೇಡಮ್, ಈಗ ತೋರಸ್ರಿ.”

ನಾಹೀದ ಅವಳ ಕೈಯ ಮೇಲೆ ಕೈಯಿಟ್ಟು ತೋರಿಸಿದರು. ಮಾಲಾ ಅಳೆದಳು, ಅಯಾಜ ಬರೆದುಕೊಂಡ. ಏಳಿದ್ದಲ್ಲಿ ನಾಲ್ಕು, ಐದಿದ್ದಲ್ಲಿ ಮೂರು. ಒಂದು ಹಿಂದಿನ ಹಲ್ಲಿನಲ್ಲಿ ಮಾತ್ರ ಏಳು ಏಳಾಗಿಯೇ ಇತ್ತು. ಒಬ್ಬೊಬ್ಬರಾಗಿ ಬೇರೆಯವರೂ ಎದ್ದು ಬಂದು ಸುತ್ತ ನಿಂತರು. ಒಬ್ಬ ಕಡ್ಡಿ ಒರಟಾಗಿ ಇಳಿಸಿದಾಗ ದೇವವ್ವ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. “ಇದು ಹೊಲ ಅಲ್ರಿ, ಹಗೂರ,” ಎಂದಳು. ಯಾರೋ ನಕ್ಕರು. ಆ ನಗೆಯಿಂದ ಕೋಣೆಯ ಬಿಗಿ ಸ್ವಲ್ಪ ಸಡಿಲಿತು.

ಮುತ್ತಣ್ಣನವರು ಕುರ್ಚಿ ಬಿಟ್ಟು ಏಳಲಿಲ್ಲ. ಹೊರಡುವಾಗ ಮಾತ್ರ ಅವಳ ಪಕ್ಕ ಒಂದು ಗಳಿಗೆ ನಿಂತರು. “ಆ ನಾಕು ಹಲ್ಲು ಕೀಳೂವಾಗ ನಾ ಅಳದಿರಲಿಲ್ಲ,” ಎಂದರು. ಕ್ಷಮೆ ಕೇಳಲಿಲ್ಲ. ದೇವವ್ವನೂ ಪರವಾಗಿಲ್ಲ ಎನ್ನಲಿಲ್ಲ.

ವರದಿ ಪೂರ್ತಿಯಾಗಿಯೇ ಅಚ್ಚಾಯಿತು. ಹನ್ನೊಂದರಲ್ಲಿ ಮೂರು ಎಂಬ ಮಾತು ಮೊದಲ ಪುಟದಲ್ಲೇ ಬಂತು. ಸಂಸ್ಥೆ ಮತ್ತೊಂದು ತರಬೇತಿಗೆ ಒಪ್ಪಿತು. ಈ ಸಲ ಪರದೆಯಿಲ್ಲ, ರಾಜೂರ ಸಾಲಿಯ ಪಡಸಾಲೆಯಲ್ಲಿ ಕುರ್ಚಿ ಹಾಕಿ, ಒಪ್ಪಿದವರ ಬಾಯಲ್ಲೇ ಅಳೆದು ಕಲಿಯುವುದು. ಅಂಕಿ ಬರೆದುಕೊಳ್ಳುವವರೊಬ್ಬರನ್ನು ಹೇಗೆ ತಯಾರು ಮಾಡಿಕೊಳ್ಳಬೇಕು ಎಂಬುದನ್ನೂ ಅಯಾಜನ ಒತ್ತಾಯಕ್ಕೆ ಸೇರಿಸಿದರು. ಒಂಬತ್ತು ಮಂದಿ ಬಂದರು. ಮುತ್ತಣ್ಣನವರು ಬರಲಿಲ್ಲ.

ದೇವವ್ವನ ಆ ಹಿಂದಿನ ಹಲ್ಲು ಉಳಿಯಲಿಲ್ಲ. ನಾಹೀದ ಎರಡು ಸಲ ಪ್ರಯತ್ನಪಟ್ಟು, ಮೂರನೆಯ ಸಲ ಅಳೆದು ತೋರಿಸಿ, ಕೀಳಲೇಬೇಕು ಎಂದರು. ದೇವವ್ವ ಕನ್ನಡಿಯಲ್ಲಿ ತಾನೇ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಆಮೇಲೆ ಒಪ್ಪಿದಳು. ಉಳಿದವು ಗಟ್ಟಿಯಾಗಿವೆ.

ಹೊಸ ತರಬೇತಿಯಾಗಿ ಆರು ತಿಂಗಳಿಗೆ ಡಾಕ್ಟರರನ್ನು ಮತ್ತೆ ಪರೀಕ್ಷೆ ಮಾಡಿ ನೋಡಬೇಕಾಯಿತು. ದೇವವ್ವನ ಮುಖ ಈಗ ಮೂರು ತಾಲೂಕಿನ ಹಲ್ಲಿನ ಡಾಕ್ಟರರಿಗೆಲ್ಲ ಗೊತ್ತು. ಹೊಸಬರು ಬೇಕಿತ್ತು. ಹುಡುಕುವ ಕೆಲಸವನ್ನು ಅವಳೇ ತೆಗೆದುಕೊಂಡಳು. ಶೇಂಗಾ ಬಿಡಿಸುವ ಹೆಂಗಸರಲ್ಲಿ ವಸಡು ಕೆಟ್ಟ ಇಬ್ಬರನ್ನು ಆರಿಸಿ, ಅವರಲ್ಲೊಬ್ಬಳಾದ ನೀಲವ್ವನ ಕಟ್ಟೆಯ ಮೇಲೆ ಕೂರಿಸಿಕೊಂಡಳು. ನೀಲವ್ವನ ಗಂಡ ಅಡ್ಡ ಬಂದು, ದೊಡ್ಡ ಮಂದಿಯ ಉಸಾಬರಿ ನಮಗ್ಯಾಕೆ ಎಂದ. ದೇವವ್ವ ಅವನಿಗೆ ಬಾಯಿ ತೆಗೆಯಲು ಹೇಳಿದಳು. ತೆಗೆದ. ಒಳಗೆ ಇಣುಕಿ ನೋಡಿ, “ನಿನ್ನ ಹೆಸರೂ ಬರಸ್ತೇನಿ, ಕುಂದರು,” ಎಂದಳು. ಅವನು ಹೆಂಡತಿಯ ಮುಖ ನೋಡಿದ, ಆಮೇಲೆ ಕಟ್ಟೆಯ ತುದಿಗೆ ಕೂತ.

“ಸುಳ್ಳು ಹೇಳೂದಿಲ್ಲ,” ಎಂದು ಶುರುಮಾಡಿದಳು ದೇವವ್ವ. “ಅಂಜೂದಿಲ್ಲ. ಅಳೀದ ಕೀಳ್ತೇನಿ ಅಂದ್ರ ಕುರ್ಚಿಯಿಂದ ಇಳದು ಬರೂದು.”